ಮುರಿಯದ ಎಲುಬು

೨೦೧೮, ಜೂನ್ ೨೧, ಗುರುವಾರ, ಸಂಜೆ ಐದೂವರೆ. ಜಮಖಂಡಿಯ ಕಾಲೇಜಿನಿಂದ ಬನಹಟ್ಟಿಗೆ ಬಂದು ಮನೆಯ ಹೊಸ್ತಿಲ ಹೊರಗೆ ಚಪ್ಪಲಿ ಬಿಡುತ್ತಿದ್ದೆ. ಎಡಗಾಲಿನದು ಬರಲಿಲ್ಲ. ಎಳೆದು ತೆಗೆದಾಗ ಪಾದದ ಮೇಲೆ ಪಟ್ಟಿಯ ಗುರುತು ಆಳವಾಗಿ ಕೂತಿತ್ತು. ಬೆರಳಿನಿಂದ ಒತ್ತಿದರೆ ಕುಳಿ ಬಿದ್ದು ಹಾಗೇ ಉಳಿಯುತ್ತಿತ್ತು. ನೋವಿರಲಿಲ್ಲ. ದಿನಚರಿಯಲ್ಲಿ ಒಂದೇ ಸಾಲು ಬರೆದೆ: ಎಡಗಾಲು ಬಾತಿದೆ, ಬಸ್ಸಿನಲ್ಲಿ ನಿಂತು ಬಂದದ್ದಕ್ಕೆ ಇರಬೇಕು. ನನಗಾಗ ಹದಿನಾರು.

ಬಾವು ಇಳಿಯಲಿಲ್ಲ. ಮೊದಲ ವರ್ಷವೆಲ್ಲ ಎಕ್ಕೆಯ ಎಲೆ, ಬೇವಿನೆಣ್ಣೆ, ಮಹಾಲಿಂಗಪುರದ ಅತ್ತೆ ತಂದುಕೊಟ್ಟ ಮಂತ್ರಿಸಿದ ದಾರ ಎಂದು ಕಳೆಯಿತು. ಅಷ್ಟರಲ್ಲಿ ಓಣಿಯಲ್ಲಿ ಯಾರೋ ‘ಆನಿಕಾಲು’ ಎಂದಿದ್ದರು. ಆ ಮಾತು ನನಗಿಂತ ಬೇಗ ಬಸ್ಸು ಹತ್ತಿ ಕಾಲೇಜು ತಲುಪಿತು. ಸೊಳ್ಳೆಯಿಂದ ಬರುವ ರೋಗ ಪಕ್ಕದಲ್ಲಿ ಕೂತರೂ ಬರುತ್ತದೆಂದು ಹುಡುಗಿಯರು ನಂಬಿದರು; ಬೆಂಚಿನಲ್ಲಿ ನನ್ನ ಎಡಕ್ಕೆ ಜಾಗ ಖಾಲಿಯೇ ಇರುತ್ತಿತ್ತು. ಚಪ್ಪಲಿ ಕೊಳ್ಳುವಾಗ ಎರಡು ಅಳತೆಯ ಎರಡು ಜೊತೆ ಕೊಳ್ಳಬೇಕಿತ್ತು, ಬಲಗಾಲಿಗೆ ಆರು, ಎಡಗಾಲಿಗೆ ಒಂಬತ್ತು. ಉಳಿದ ಒಂಟಿ ಚಪ್ಪಲಿಗಳನ್ನು ಅವ್ವ ಎಸೆಯಲೂ ಇಲ್ಲ, ಯಾರಿಗೂ ಕೊಡಲೂ ಆಗಲಿಲ್ಲ.

ಎರಡನೆಯ ವರ್ಷ ಬೆಳಗಾವಿಯ ದೊಡ್ಡ ಆಸ್ಪತ್ರೆಯಲ್ಲಿ ಕಾಯಿಲೆಗೆ ಹೆಸರು ಸಿಕ್ಕಿತು: ಲಿಂಫೆಡಿಮಾ. ರಕ್ತನಾಳಗಳ ಹಾಗೆಯೇ ಮೈಯಲ್ಲಿ ತಿಳಿರಸವನ್ನು ಒಯ್ಯುವ ಸಣ್ಣ ನಾಳಗಳಿವೆಯಂತೆ. ನನ್ನ ಎಡಗಾಲಿನಲ್ಲಿ ಅವು ಹುಟ್ಟಿನಿಂದಲೇ ಕಡಿಮೆ. ರಸ ಮೇಲೆ ಹೋಗಲಾರದೆ ಕಾಲಿನಲ್ಲೇ ನಿಲ್ಲುತ್ತದೆ. ಇದು ಸೊಳ್ಳೆಯಿಂದ ಬಂದದ್ದಲ್ಲ, ಅಂಟುವುದಿಲ್ಲ, ಪೂರ್ತಿ ವಾಸಿಯೂ ಆಗುವುದಿಲ್ಲ, ಆದರೆ ಹಿಡಿತದಲ್ಲಿಡಬಹುದು ಎಂದರು ಡಾಕ್ಟರು. ಅಪ್ಪನಿಗೆ ತಕ್ಷಣ ತಿಳಿಯಿತು. ಹೊರಗೆ ಬಂದು ಅವ್ವನಿಗೆ ಹೇಳಿದ: “ತುಬಚಿ ಕಡೆ ಹೊಳಿ ನೀರು ಮ್ಯಾಲ ಎತ್ತತಾರಲ್ಲ, ಹಂಗ ಇದನ್ನ ದಿನಾ ಎತ್ತಬೇಕು. ಕರೆಂಟ್ ಹೋದ್ರ ನಿಂತ ಬಿಡತೈತಿ.”

ಎತ್ತುವ ಕೆಲಸ ಅಕ್ಕನ ಪಾಲಿಗೆ ಬಂತು. ಪಾದದಿಂದ ಮೊಣಕಾಲಿನ ತನಕ ಹತ್ತಿಯ ಗಟ್ಟಿ ಪಟ್ಟಿಗಳನ್ನು ಪದರ ಪದರವಾಗಿ ಸುತ್ತಬೇಕು. ಕೆಳಗೆ ಬಿಗಿ, ಮೇಲಕ್ಕೆ ಹೋದ ಹಾಗೆ ಸಡಿಲ. ಒಂದು ಸುತ್ತು ಹೆಚ್ಚು ಬಿಗಿಯಾದರೆ ರಸ ಅದರ ಕೆಳಗೆ ನಿಲ್ಲುತ್ತದೆ. ಆಸ್ಪತ್ರೆಯ ನರ್ಸ್ ಒಮ್ಮೆ ತೋರಿಸಿದ್ದೇ ತಡ, ಅಕ್ಕ ಅದನ್ನು ಹಾಗೇ ಸುತ್ತಿದಳು. ನಮ್ಮದು ನೇಕಾರರ ಮನೆ. ಲಾಳಿಯೊಳಗೆ ಕೂರುವ ಕಂಡಿಕೆಗೆ ರಾಟಿಯ ಮೇಲೆ ನೂಲು ಸುತ್ತುವ ಕೆಲಸ ಹೆಣ್ಣುಮಕ್ಕಳದು. ಸಡಿಲಾದರೆ ನೂಲು ಸಿಕ್ಕಾಗುತ್ತದೆ, ಬಿಗಿಯಾದರೆ ಹರಿಯುತ್ತದೆ. ಅಕ್ಕನ ಬೆರಳಿಗೆ ಆ ಅಂದಾಜು ಎಂಟನೇ ವಯಸ್ಸಿನಿಂದ ಇತ್ತು. ನಾನು ಕಾಲೆಳೆದುಕೊಂಡರೆ ಬೈಯುತ್ತಿದ್ದಳು.

“ಸುಮ್ನ ಕೂಡ ಬೇ. ಕಂಡಿಕಿ ಆದ್ರೂ ಇಷ್ಟ ಒದ್ದಾಡೂದಿಲ್ಲ.”

ಒಮ್ಮೆ ಅವ್ವ ಪಟ್ಟಿಗಳನ್ನು ಒಗೆದು, ಸೀರೆಯ ರೂಢಿಯಲ್ಲಿ ಗಂಜಿ ಹಾಕಿಬಿಟ್ಟಳು. ಒಣಗಿದ ಮೇಲೆ ಅವು ಹಪ್ಪಳದಂತೆ ಸದ್ದು ಮಾಡಿದವು. “ಅವ್ವಾ, ಇವನ್ನ ಸುತ್ತಿದ್ರ ಈಕಿನ್ನ ಸೀರಿ ಮಡಚಿದಂಗ ಘಳಿಗಿ ಮಾಡಿ ಅಂಗಡ್ಯಾಗ ಇಡಬೇಕಾಕ್ಕೈತಿ ನೋಡ,” ಎಂದು ಅಕ್ಕ ಹೊಟ್ಟೆ ಹಿಡಿದು ನಕ್ಕಳು. ನನಗಿಂತ ಅವಳು ಮೂರು ವರ್ಷ ದೊಡ್ಡವಳು. ಐದು ವರ್ಷ ಬೆಳಗಿನ ಹೊತ್ತು ನನ್ನ ಕಾಲು ಅವಳ ತೊಡೆಯ ಮೇಲಿತ್ತು. ಪ್ರತಿ ರವಿವಾರ ಟೇಪು ಹಿಡಿದು ಅಳತೆ ಅವಳು ಹೇಳುತ್ತಿದ್ದಳು, ನಾನು ಬರೆದುಕೊಳ್ಳುತ್ತಿದ್ದೆ. ಮೀನಖಂಡದ ಹತ್ತಿರ ಬಲಗಾಲು ಮೂವತ್ತನಾಲ್ಕು ಸೆಂಟಿಮೀಟರ್. ಎಡಗಾಲು ಮೊದಲು ನಲವತ್ತನಾಲ್ಕಿತ್ತು, ಅವಳ ಕೈಯಲ್ಲಿ ನಲವತ್ತಕ್ಕೆ ಇಳಿದು ಅಲ್ಲೇ ನಿಂತಿತ್ತು. ಅವ್ವನ ಮುಂದೆಯೂ ಬಿಚ್ಚಲು ನಾಚುತ್ತಿದ್ದ ಕಾಲನ್ನು ಅವಳ ಮುಂದೆ ಯೋಚಿಸದೆ ಚಾಚುತ್ತಿದ್ದೆ.

೨೦೨೪ರ ಫೆಬ್ರವರಿ ೧೮, ರವಿವಾರ, ಅಕ್ಕನನ್ನು ನೋಡಲು ಸಮೀರವಾಡಿ ಕಡೆಯಿಂದ ಬಂದರು. ಹುಡುಗ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ನಾನು ಒಳಗಿನ ಕೋಣೆಯಲ್ಲಿರಬೇಕೆಂದು ಯಾರೂ ಹೇಳಲಿಲ್ಲ. ಆದರೆ ಅವ್ವ ಬೆಳಿಗ್ಗೆಯಿಂದ ನನ್ನ ಪುಸ್ತಕಗಳನ್ನು ತಾನಾಗಿಯೇ ಆ ಕೋಣೆಗೆ ಒಯ್ದಿಟ್ಟಿದ್ದಳು. ನೀರು ಕುಡಿಯಲು ಹೊರಗೆ ಬಂದೆ. ಹುಡುಗನ ತಾಯಿಯ ಕಣ್ಣು ನನ್ನ ಪಟ್ಟಿ ಸುತ್ತಿದ ಕಾಲಿನ ಮೇಲೆ ಬಿತ್ತು.

“ಸಣ್ಣಾಕಿ ಕಾಲಿಗೆ ಏನಾತ್ರಿ?”

ಅವ್ವ ಅಪ್ಪನ ಮುಖ ನೋಡಿದಳು. ಅಪ್ಪ ನೆಲ ನೋಡಿದ. ಹುಡುಗಿಯಾದವಳು ಆ ಹೊತ್ತಿನಲ್ಲಿ ಬಾಯಿ ತೆರೆಯುವ ಪದ್ಧತಿ ಇಲ್ಲ. ಆದರೂ ಚಹಾದ ತಾಟು ಹಿಡಿದು ನಿಂತಿದ್ದ ಅಕ್ಕ ಹೇಳಿಬಿಟ್ಟಳು: “ಪಾವಟಿಗಿ ಮ್ಯಾಲಿಂದ ಜಾರಿ ಬಿದ್ದಾಳ್ರಿ. ಎಲುಬು ಸೀಳೇತಂತ. ಒಂದ ತಿಂಗಳ್ದಾಗ ಛಲೋ ಆಗತೈತ್ರಿ.”

“ಅಯ್ಯ ಕೂಸ! ನೋಡಿ ಇಳೀಬಾರದೇನವಾ?” ಎಂದ ಆ ತಾಯಿ ನನ್ನನ್ನು ಕೂಡಿಸಿ, ತಾವು ಒರಗಿದ್ದ ದಿಂಬನ್ನೇ ತೆಗೆದು ನನ್ನ ಕಾಲ ಕೆಳಗೆ ಇಟ್ಟರು. ಆರು ವರ್ಷಗಳಲ್ಲಿ ನನ್ನ ಕಾಲನ್ನು ಕಂಡು ಮುಖ ತಿರುಗಿಸದ ಮೊದಲ ಹೊರಗಿನ ಹೆಂಗಸು ಅವರು. ಅವರು ನೋಡಿದ್ದು ಬೇರೆಯೇ ಕಾಲು.

ಅವರು ಹೋದ ಮೇಲೆ ನಾವಿಬ್ಬರೂ ನಕ್ಕೆವು. ಖರೆ ಹೇಳಬೇಕೆಂದರೆ ನನಗೆ ಆಗ ಸಿಟ್ಟು ಬಂದಿರಲಿಲ್ಲ, ಅವಳ ಚಾಲಾಕಿಗೆ ಬೆರಗಾಗಿತ್ತು. ಒಂದು ಪ್ರಶ್ನೆ ಮಾತ್ರ ಕೇಳಿದೆ: “ಎಲುಬು ಎಷ್ಟ ತಿಂಗಳಂತ ಮುರದಿರತೈತಿ? ಮುಂದ ಏನ ಮಾಡ್ತಿ?”

“ಮದುವಿ ಒಂದ ಆಗಲಿ ಲೇ. ಆದ ಮ್ಯಾಲ ನಾನ ಹೇಳ್ತೇನಿ. ನಿನ್ನ ಕಾಲ ಮುಟ್ಟಿ ಹೇಳ್ತೇನಿ ನೋಡ.” ಎಂದವಳು ಬಗ್ಗಿ ಮುಟ್ಟಿಯೂ ಬಿಟ್ಟಳು. ದೊಡ್ಡವಳು ಚಿಕ್ಕವಳ ಕಾಲು ಮುಟ್ಟುವುದು ನಮ್ಮಲ್ಲಿಲ್ಲ. ನಾನು ಗಾಬರಿಯಾಗಿ ಕಾಲೆಳೆದುಕೊಂಡೆ. ಮತ್ತೆ ನಕ್ಕೆವು.

ಏಪ್ರಿಲ್‌ನಲ್ಲಿ ಮದುವೆಯಾಯಿತು. ಎಲುಬು ಮುರಿದವಳಿಗೆ ಸಿಗುವ ಮರ್ಯಾದೆ ಏನೆಂದು ನಾನು ಕಂಡದ್ದು ಆ ಎರಡು ದಿನ. ಕುರ್ಚಿ ಮೊದಲು ನನಗೆ, ಊಟದ ತಾಟು ಕೂತಲ್ಲಿಗೇ. ಬೀಗರ ಹೆಂಗಸರು ಒಬ್ಬೊಬ್ಬರೇ ಬಂದು ತಮ್ಮ ಮನೆಯಲ್ಲಿ ಯಾರ ಕೈ ಮುರಿದಿತ್ತು, ಯಾರು ಕೂಡಿಸಿದರು ಎಂದು ಹೇಳಿದರು. ಮುರಿದ ಎಲುಬಿಗೆ ಒಂದು ಕೊನೆಯಿದೆ. ಕೊನೆಯಿರುವ ಕಷ್ಟಕ್ಕೆ ಮಂದಿ ಧಾರಾಳವಾಗಿ ಮರುಗುತ್ತಾರೆ. ನಾನು ಅದನ್ನೆಲ್ಲ ನಗುತ್ತ ತೆಗೆದುಕೊಂಡೆ. ಒಂದು ತಿಂಗಳಲ್ಲಿ ಅಕ್ಕ ಹೇಳಿಬಿಡುತ್ತಾಳೆ, ಆಮೇಲೆ ಇದೇ ಹೆಂಗಸರು ನನ್ನ ನಿಜವಾದ ಕಾಲಿನ ಜೊತೆ ಹೇಗಿರುತ್ತಾರೆ ನೋಡೋಣ ಎಂದುಕೊಂಡೆ. ಇದೊಂದೇ ನನಗೆ ಬೇಕಿದ್ದದ್ದು. ಅಕ್ಕನ ಮನೆಗೆ ನಾನು ನಾನಾಗಿ ಹೋಗಿ ಬರುವಂತಾಗಬೇಕು.

ಅವಳು ಹೋದ ಮೇಲೆ ಪಟ್ಟಿಯನ್ನು ನಾನೇ ಸುತ್ತಿಕೊಳ್ಳತೊಡಗಿದೆ. ಬಗ್ಗಿ ಸುತ್ತುವಾಗ ಕೈ ಸೋತು ಪಾದದ ಹತ್ತಿರವೇ ಸಡಿಲಾಗುತ್ತಿತ್ತು. ವಾರಕ್ಕೊಮ್ಮೆ ಫೋನು ಮಾಡಿ ಕೇಳುತ್ತಿದ್ದೆ.

“ಹೇಳಿದ್ಯೇನ?”

“ಇವತ್ತ ಮನಿ ತುಂಬ ಮಂದಿ ಅದಾರ.”

ಮುಂದಿನ ವಾರ: “ಅತ್ಯಾರಿಗೆ ಸೊಂಟ ನೋವು ಲೇ, ಈಗ ಬ್ಯಾಡ.”

ಅದರ ಮುಂದಿನ ಸಲ: “ನಿನಗ ಬ್ಯಾರೆ ಮಾತ ಇಲ್ಲೇನ?”

ದಿನಚರಿಯಲ್ಲಿ ಪ್ರತಿ ಸಲವೂ ‘ಇಲ್ಲ’ ಎಂದು ಬರೆದೆ. ಜುಲೈ ಬರುವಷ್ಟರಲ್ಲಿ ಅಳತೆ ನಲವತ್ತೆರಡೂವರೆಗೆ ಏರಿತ್ತು, ಕೇಳುವುದನ್ನೂ ಬಿಟ್ಟಿದ್ದೆ.

ಮದುವೆಯಾದ ಮೇಲಿನ ಮೊದಲ ನಾಗರ ಪಂಚಮಿಗೆ ಅಕ್ಕ ತವರಿಗೆ ಬಂದಳು. ಬಂದ ಮರುದಿನ ಬೆಳಿಗ್ಗೆ ನಾನು ಕೇಳದೆಯೇ ಪಟ್ಟಿಗಳನ್ನು ಕೈಗೆ ತೆಗೆದುಕೊಂಡು, “ಏನ ಸುತ್ತಿಯೇ ಇದನ್ನ, ಬಣವಿಗೆ ಹಗ್ಗ ಬಿಗದಂಗ,” ಎಂದು ಬೈದು, ಎಲ್ಲ ಬಿಚ್ಚಿ ಮತ್ತೆ ಸುತ್ತಿದಳು. ನಾಲ್ಕು ದಿನ ಹಾಗೇ ಮಾಡಿದಳು. ಆಗಸ್ಟ್ ೧೧, ರವಿವಾರ ಬೆಳಿಗ್ಗೆ ಅಳತೆ ನಲವತ್ತೊಂದು. ನಾನು ಅವಳನ್ನು ಕ್ಷಮಿಸಿಯೂ ಬಿಟ್ಟಿದ್ದೆ.

ಅದೇ ಮಧ್ಯಾಹ್ನ ಅಕ್ಕನ ಗಂಡ ಅವಳನ್ನು ಕರೆದೊಯ್ಯಲು ಬಂದರು. ನಾನು ಅವರಿಗೆ ಮಾಮಾ ಎನ್ನುತ್ತೇನೆ. ಜೊತೆಗೆ ಒಬ್ಬ ಮುದುಕರಿದ್ದರು, ಬೀಳಗಿ ಕಡೆಯ ಹಳ್ಳಿಯವರು, ಎಲುಬು ಕೂಡಿಸುವವರು. ಕೈಚೀಲದಲ್ಲಿ ಬಿದಿರಿನ ಸೀಳು, ಎಣ್ಣೆಯ ಬಾಟಲಿ, ಬಟ್ಟೆಯಲ್ಲಿ ಕಟ್ಟಿದ ಉಪ್ಪು. ಮಾಮಾ ಖುಷಿಯಿಂದ ಹೇಳಿದರು: “ಅವ್ವ ಕಳಿಸ್ಯಾಳ. ಆರ ತಿಂಗಳಾತು, ಹುಡುಗಿ ಇನ್ನೂ ಕಟಕೊಂಡ ಅಡ್ಡಾಡಾಕತ್ತೈತಿ, ಎಲುಬು ವಾರೆ ಕೂಡಿರಬೇಕು ಅಂತ ಊಟಾ ಸೇರವಲ್ದು ಆಕಿಗೆ.”

ನನಗೆ ಡಾಕ್ಟರು ಹೇಳಿದ್ದೆಲ್ಲ ಮನೆಯವರ ಎದುರೇ ಹೇಳಿದ್ದರು: ಕಾವು ಕೊಡಬಾರದು, ಬಲವಾಗಿ ತಿಕ್ಕಬಾರದು, ಚರ್ಮ ಒಡೆಯಬಾರದು, ಒಡೆದರೆ ನಂಜು ಏರುತ್ತದೆ, ನಂಜಾದರೆ ಇರುವ ನಾಳಗಳೂ ಹೋಗುತ್ತವೆ. ಅಕ್ಕ ಅದನ್ನು ನನಗಿಂತ ಚೆನ್ನಾಗಿ ಬಲ್ಲಳು.

“ಮಾಮಾ, ಡಾಕ್ಟರ ಬಿಸಿ ತಾಗಸಬ್ಯಾಡ್ರಿ ಅಂದಾರ. ತಿಕ್ಕೂದೂ ಬ್ಯಾಡ ಅಂದಾರ್ರಿ.”

“ಡಾಕ್ಟರ ಮಾತ ಕೇಳಿ ಆರ ತಿಂಗಳಾತಲ್ಲವಾ. ನಮ್ಮ ಕಾಕಾನ ಮೊಣಕೈ ಇವರ ಕೂಡಿಸ್ಯಾರ. ಈಗ ಕೊಡಾ ಎತ್ತತಾನ.”

ನಾನು ಅಕ್ಕನನ್ನು ನೋಡಿದೆ. ಈಗ ಹೇಳುತ್ತಾಳೆ. ಗಂಡ ಎದುರಿಗಿದ್ದಾನೆ, ಅತ್ತೆ ಇಲ್ಲಿಲ್ಲ, ನಮ್ಮದೇ ಮನೆ. ಇದಕ್ಕಿಂತ ಸುಲಭದ ಹೊತ್ತು ಅವಳಿಗೆ ಮತ್ತೆ ಸಿಗುವುದಿಲ್ಲ. ಅವಳೂ ನನ್ನನ್ನು ನೋಡಿದಳು. ಆಮೇಲೆ ಮಾಮಾನ ಕಡೆ ತಿರುಗಿ ನಕ್ಕಳು.

“ಆಕಿಗೆ ಮೊದಲಿಂದ್ಲೂ ಹೆದರಿಕಿರಿ. ನಾ ಹಿಡ್ಕೋತೇನಿ, ನೀವ ನೋಡ್ರಿ ಅಜ್ಜಾರ.”

ಪಟ್ಟಿಯನ್ನು ಬಿಚ್ಚಿದ್ದೂ ಅವಳೇ, ಬೆಳಿಗ್ಗೆ ತಾನು ಸುತ್ತಿದ ಪಟ್ಟಿಯನ್ನು. ಅಪ್ಪ ಬೀಗರು ಬಂದರೆಂದು ಮಗ್ಗದ ಮೋಟಾರು ನಿಲ್ಲಿಸಿ ಬಂದು ಕೂತಿದ್ದ. ಮುದುಕರು ಎಣ್ಣೆ ಕಾಯಿಸಿ ತರಲು ಹೇಳಿದಾಗ ಎದ್ದು ಹೋಗಿ ಮತ್ತೆ ಚಾಲೂ ಮಾಡಿದ. ಎಣ್ಣೆಯನ್ನು ಅವ್ವ ಕಾಯಿಸಿದಳು. ಮುದುಕರು ಕೆಟ್ಟವರಲ್ಲ. ಅವರಿಗೆ ಮುರಿದ ಎಲುಬು ಎಂದು ಹೇಳಿದ್ದರು, ಅವರು ಮುರಿದ ಎಲುಬನ್ನೇ ಹುಡುಕಿದರು. “ಬಾವು ಭಾಳ ಐತಿ, ಒಳಗ ಕೈಗೆ ಸಿಗವಲ್ದು,” ಎನ್ನುತ್ತ ಎರಡೂ ಹೆಬ್ಬೆರಳು ಊರಿ ಮೀನಖಂಡವನ್ನು ಮೇಲಿಂದ ಕೆಳಕ್ಕೆ ತೀಡಿದರು. ನಾನು ಕೂಗಿದೆ. ಮಗ್ಗದ ಸದ್ದಿನಲ್ಲಿ ಅದು ಅಪ್ಪನಿಗೆ ಕೇಳಿಸಿತೋ ಇಲ್ಲವೋ. ಅಕ್ಕ ಹಿಂದಿನಿಂದ ನನ್ನ ಎರಡೂ ಭುಜ ಒತ್ತಿ ಹಿಡಿದಿದ್ದಳು. ಬಿಸಿ ಉಪ್ಪಿನ ಗಂಟು ಇಟ್ಟರು. ಬಿದಿರಿನ ಸೀಳುಗಳನ್ನು ಸುತ್ತಲೂ ಇಟ್ಟು ಬಿಗಿದು ಕಟ್ಟಿದರು.

ನೀನೇ ಯಾಕೆ ಬಾಯಿ ಬಿಡಲಿಲ್ಲ ಎಂದು ಓದುವವರು ಕೇಳಬಹುದು. ಹೇಳುತ್ತೇನೆಂದು ಮಾತು ಕೊಟ್ಟವಳು ಅವಳು. ಅವಳ ಗಂಡನ ಎದುರು ಅವಳನ್ನು ಸುಳ್ಳಿ ಮಾಡುವುದು ನನ್ನಿಂದಾಗಲಿಲ್ಲ. ಆ ಬಿದಿರು ಕಟ್ಟುವ ತನಕವೂ, ಈಗ ಹೇಳುತ್ತಾಳೆ, ಈಗ ಸಾಕು ಎನ್ನುತ್ತಾಳೆ ಎಂದು ನನ್ನ ಭುಜದ ಮೇಲಿನ ಆ ಕೈಗಳನ್ನೇ ನಂಬಿಕೊಂಡಿದ್ದೆ.

ಅವರು ಸಂಜೆಯ ಬಸ್ಸಿಗೆ ಹೋದರು. ಮರುದಿನ ಮುಂಜಾನೆ ಚಳಿಜ್ವರ. ಬಿದಿರಿನ ಅಂಚು ತಾಗಿದಲ್ಲಿ ಚರ್ಮ ಸೀಳಿತ್ತು, ಅಲ್ಲಿಂದ ಕೆಂಪು ಮೊಣಕಾಲು ದಾಟಿ ಏರುತ್ತಿತ್ತು. ಜಮಖಂಡಿಯ ಆಸ್ಪತ್ರೆಯಲ್ಲಿ ಒಂದು ವಾರ ಮಲಗಿದೆ. ಇದನ್ನು ಯಾರು ಮಾಡಿದ್ದು ಎಂದು ಡಾಕ್ಟರು ಕೇಳಿದರು. “ಗೊತ್ತಿಲ್ದ ಮಾಡಿದ್ವಿರಿ,” ಎಂದಳು ಅವ್ವ. ನಾನು ಗೋಡೆಯ ಕಡೆ ಹೊರಳಿದೆ. ಗೊತ್ತಿಲ್ಲದವರು ಆ ಮನೆಯಲ್ಲಿ ಇಬ್ಬರೇ ಇದ್ದರು, ಮಾಮಾ ಮತ್ತು ಆ ಮುದುಕರು.

ನಾಲ್ಕನೆಯ ದಿನ ಮಾಮಾನ ತಾಯಿ ಅವ್ವನ ಫೋನಿಗೆ ಮಾಡಿದರು. ಅವ್ವ ಅದನ್ನು ನನ್ನ ಕಿವಿಗೆ ಹಿಡಿದಳು. “ಟೈಫಾಯ್ಡ್ ಅಂತಲ್ಲವಾ. ಹೊರಗಿಂದು ಏನರ ತಿಂದಿದ್ಯೇನ? ಕಾಲು ಹಗುರಾತಿಲ್ಲೋ?” ಅಕ್ಕ ನನಗೆ ಇನ್ನೊಂದು ಕಾಯಿಲೆ ಕೊಟ್ಟಿದ್ದಳು. “ಹಗುರಾತ್ರಿ ಅತ್ತಿ,” ಎಂದೆ.

ಆಸ್ಪತ್ರೆಯಿಂದ ಬಂದ ಮೊದಲ ರವಿವಾರ ಟೇಪು ನಾನೇ ಹಿಡಿದೆ. ನಲವತ್ತಾರು.

ದೀಪಾವಳಿಗೆ ಅಕ್ಕ ಬಂದಾಗ ಮೂರು ತಿಂಗಳ ಬಸುರಿ. ನನ್ನ ಕಾಲನ್ನು ನೋಡಿ ಅತ್ತಳು. ಪಟ್ಟಿ ತೆಗೆದುಕೊಂಡು ನೆಲಕ್ಕೆ ಕೂತು ತೊಡೆ ತಟ್ಟಿದಳು. ನಾನು ಕಾಲು ಚಾಚಲಿಲ್ಲ.

“ಸಿಟ್ಟ ಮಾಡ್ಕೊಂಡ್ರ ಕಾಲು ಇಳಿತೈತೇನ? ಕೊಡ ಇಲ್ಲೆ.”

“ಬ್ಯಾಡ.”

“ಏನ ಹೇಳಬೇಕಿತ್ತ ಬೇ ನಾನು? ಹುಟ್ಟಿನಿಂದ ಐತಿ ಅಂದ್ರ ಇದು ಅವರ ಮನಿತಾನದಾಗ ಐತಿ ಅಂತಾರ. ನಾಳೆ ನನ್ನ ಹೊಟ್ಯಾಗಿಂದಕ್ಕೂ ಬರತೈತಿ ಅಂತಾರ. ಆವಾಗ ನಾ ಎಲ್ಲಿಗೆ ಹೋಗ್ಲಿ?”

“ಮಾಮಾಗ ಹೇಳದಿದ್ರ ಹೋಗ್ಲಿ. ಅಜ್ಜಾಗ ಬ್ಯಾಡ ಅಂತರ ಅನಬೇಕಿತ್ತು. ನನ್ನ ಒತ್ತಿ ಹಿಡೀಬಾರದಿತ್ತು.”

ಅಕ್ಕ ಪಟ್ಟಿಯನ್ನು ನೀಟಾಗಿ ಸುರುಳಿ ಸುತ್ತಿ ನನ್ನ ಪಕ್ಕದಲ್ಲಿಟ್ಟು ಎದ್ದು ಹೋದಳು. ಅವಳ ಹೆದರಿಕೆ ಸುಳ್ಳಲ್ಲ. ನನಗೆ ಅದು ಅರ್ಥವಾಗುತ್ತದೆ. ಅರ್ಥವಾಗುವುದರಿಂದ ಏನೂ ಕಡಿಮೆಯಾಗಲಿಲ್ಲ.

ಈ ವರ್ಷ ಫೆಬ್ರವರಿ ೧೬ಕ್ಕೆ ಅಕ್ಕನ ಕುಬಸ ಇತ್ತು. ಬಸುರಿಗೆ ತವರಿನವರು ಸೀರೆ, ಬುತ್ತಿ ಒಯ್ದು ಉಡಿ ತುಂಬುವ ಶಾಸ್ತ್ರ. ನಾನು ಬರುವುದಿಲ್ಲ ಎಂದೆ. ತಂಗಿ ಇಲ್ಲದಿದ್ದರೆ ಮಂದಿ ಏನಂದಾರು ಎಂದಳು ಅವ್ವ. ಹೋದೆ. ಹಸಿರು ಸೀರೆ ಉಟ್ಟು ನಡುವೆ ಕೂತ ಅಕ್ಕ ಚೆಂದ ಕಾಣುತ್ತಿದ್ದಳು. ಹತ್ತಾರು ಹೆಂಗಸರಿದ್ದರು. ಮಾಮಾನ ತಾಯಿ ನನ್ನನ್ನು ಕಂಡದ್ದೇ ಕುರ್ಚಿ ಎಳೆದರು, ದಿಂಬು ತಂದರು. ಕೆಳಗೆ ಕೂತು ನನ್ನ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ದಿಂಬಿನ ಮೇಲೆ ಇಡುತ್ತ ಕೇಳಿದರು:

“ಒಂದ ವರ್ಷ ಆತಲ್ಲವಾ. ಇನ್ನೂ ಕೂಡವಲ್ದೇನ ಎಲುಬು?”

“ಎಲುಬು ಮುರದಿದ್ದಿಲ್ರಿ ಅತ್ತಿ,” ಎಂದೆ. “ನಾನು ಬಿದ್ದೂ ಇಲ್ಲ. ಹದಿನಾರನೇ ವರ್ಷದಿಂದ ನನ್ನ ಕಾಲು ಹಿಂಗ ಐತ್ರಿ.”

ಹೇಳಬೇಕೆಂದು ಹೋಗಿರಲಿಲ್ಲ. ಅವರು ಅಷ್ಟು ಮೆತ್ತಗೆ ಎತ್ತಿಟ್ಟಿದ್ದರಿಂದ ಬಾಯಿಗೆ ಬಂತು. ಆ ಜೋಪಾನವನ್ನು ಇನ್ನೊಂದು ದಿನ ಕಳ್ಳತನದಿಂದ ತೆಗೆದುಕೊಳ್ಳಲು ಆಗಲಿಲ್ಲ. ಅವರ ಕೈ ನನ್ನ ಕಾಲಿನ ಮೇಲೆ ಇನ್ನೂ ಸ್ವಲ್ಪ ಹೊತ್ತು ಇತ್ತು. ಆಮೇಲೆ ತೆಗೆದುಕೊಂಡರು. ಹಿಂದಿನಿಂದ ಒಬ್ಬ ಹೆಂಗಸು “ಆನಿಕಾಲೇನ?” ಎಂದು ಪಿಸುಗುಟ್ಟಿದ್ದು ಎಲ್ಲರಿಗೂ ಕೇಳಿಸಿತು. ಅಕ್ಕ ತಲೆ ತಗ್ಗಿಸಿ ತನ್ನ ಉಡಿಯನ್ನೇ ನೋಡುತ್ತಿದ್ದಳು. ಅತ್ತೆ ಎದ್ದು ಉಡಿ ತುಂಬುವ ಶಾಸ್ತ್ರ ಮುಂದುವರಿಸಿದರು. ಬಹಳ ಹೊತ್ತಿನ ಮೇಲೆ, ನಾವು ಹೊರಡುವಾಗ, ಬಾಗಿಲ ಹತ್ತಿರ ನನ್ನನ್ನೊಬ್ಬಳನ್ನೇ ನಿಲ್ಲಿಸಿ ಕೇಳಿದರು:

“ಕೂಸಿಗೂ ಬರತೈತೇನವಾ ಇದು?”

“ಗೊತ್ತಿಲ್ರಿ ಅತ್ತಿ,” ಎಂದೆ. ಖರೆಯಾಗಿ ಗೊತ್ತಿರಲಿಲ್ಲ.

ಬಸ್ಸಿನಲ್ಲಿ ಅವ್ವ ಮಾತಾಡಿದ್ದು ಒಂದೇ ಸಲ: “ತುಂಬಿದ ಬಸುರಿ ಮುಂದ ಹಂಗ ಅನಬಾರದಿತ್ತು ನೀ. ಆಕಿ ನಿನಗೇನ ಕಡಿಮಿ ಮಾಡ್ಯಾಳ?” ಅಕ್ಕ ಅಂದಿನಿಂದ ನನ್ನ ಫೋನು ಎತ್ತಿಲ್ಲ. ಚೊಚ್ಚಲ ಹೆರಿಗೆಗೆ ತವರಿಗೆ ಬರುವುದು ನಮ್ಮ ರೂಢಿ. ಅವಳು ಬರುವುದಿಲ್ಲವೆಂದು ಹೇಳಿ ಕಳಿಸಿದ್ದಾಳೆ. ಅತ್ತೆ ಬೈದು ಹೊರಗೆ ಹಾಕುತ್ತಾರೆಂದು ಅವಳು ಹೆದರಿದ್ದಳು, ಅದು ಆಗಲಿಲ್ಲ. ಮನೆಯಲ್ಲಿ ಎಲ್ಲರೂ ಮೊದಲಿನಂತೆಯೇ ಇದ್ದಾರಂತೆ, ಆ ಪ್ರಶ್ನೆಯನ್ನು ಮಾತ್ರ ಯಾರೂ ಬಾಯಿಬಿಟ್ಟು ಕೇಳುವುದಿಲ್ಲವಂತೆ. ಇದನ್ನು ನನಗೆ ಹೇಳಿದ್ದು ಮಾಮಾ, ಅವಳಿಗೆ ತಿಳಿಯದಂತೆ ಫೋನು ಮಾಡಿ.

ಈಗ ಮಾರ್ಚ್. ಅಳತೆ ನಲವತ್ತನಾಲ್ಕಕ್ಕೆ ಬಂದು ನಿಂತಿದೆ. ಪಟ್ಟಿ ನಾನೇ ಸುತ್ತಿಕೊಳ್ಳುತ್ತೇನೆ, ಪಾದದ ಹತ್ತಿರ ಈಗಲೂ ಸಡಿಲಾಗುತ್ತದೆ. ಇದನ್ನು ಓದುವವರಲ್ಲಿ ಇದೇ ಕಾಯಿಲೆಯವರೂ ಇರಬಹುದೆಂದು ಕೇಳುತ್ತಿದ್ದೇನೆ. ಒಬ್ಬಳೇ ಕೂತು, ಯಾರ ತೊಡೆಯೂ ಇಲ್ಲದೆ, ಪಾದದಿಂದ ಬಿಗಿಯಾಗಿ ಸುತ್ತಿಕೊಳ್ಳುವ ದಾರಿ ಬಲ್ಲವರಿದ್ದರೆ ಬರೆಯಿರಿ. ನಂಜಾದ ಮೇಲೆ ಏರಿದ ಅಳತೆ ಮತ್ತೆ ಮೊದಲಿನಷ್ಟಕ್ಕೆ ಇಳಿದದ್ದನ್ನು ತಮ್ಮ ಮೈಯಲ್ಲೇ ಕಂಡವರಿದ್ದರೆ ಬರೆಯಿರಿ. ಎಲ್ಲಕ್ಕಿಂತ ಮೊದಲು, ಮನೆಯಲ್ಲಿ ಒಬ್ಬಳಿಗೆ ಹೀಗಿದ್ದರೆ ಅವಳ ಅಕ್ಕನ ಮಗುವಿಗೆ ಬರುತ್ತದೆಯೋ ಇಲ್ಲವೋ, ಇದನ್ನು ಸರಿಯಾಗಿ ತಿಳಿದವರು ದಯವಿಟ್ಟು ಬೇಗ ಬರೆಯಿರಿ. ಹೆರಿಗೆ ಮೇ ತಿಂಗಳಲ್ಲಿ. ನಾನು ಹೇಳಿದರೆ ಅವಳು ಕೇಳುವುದಿಲ್ಲ. ನಿಮ್ಮ ಉತ್ತರವನ್ನು ಮಾಮಾನ ಕೈಯಲ್ಲಿ ಕೊಡುತ್ತೇನೆ.